ಕೊಡುವವನು ಮೊದಲು ಕುಡಿಯಬೇಕು

ನಮ್ಮ ಮನೆಗೆ ಬಂದವರು ಹೋಗುವಾಗ ‘ಹೋಗಿ ಬರ್ತೀನಿ’ ಎನ್ನಬಾರದು. ಹಿಂದಿರುಗಿ ನೋಡಲೂಬಾರದು. ಅಜ್ಜಿಯ ಕಾಲದಿಂದ ಬಂದ ಕಟ್ಟಳೆ ಇದು. ನಮ್ಮದು ಕಾಮಾಲೆಗೆ ಔಷಧಿ ಕೊಡುವ ಮನೆ. ‘ಬರ್ತೀನಿ’ ಅಂದರೆ ಕಾಮಾಲೆಯೂ ಜೊತೆಗೆ ಬರುತ್ತದಂತೆ. ಕೊಡಿಗೇಹಳ್ಳಿಯ ಹಳೇ ಬೀದಿಯಲ್ಲಿ, ಎರಡು ಪೀಜಿ ಕಟ್ಟಡಗಳ ಸಂದಿಯಲ್ಲಿ ಹೇಗೋ ಉಳಿದುಕೊಂಡಿರುವ ನಮ್ಮ ಹೆಂಚಿನ ಮನೆಗೆ ಪ್ರತಿ ಭಾನುವಾರ ಬೆಳಿಗ್ಗೆ ಮೂವತ್ತು, ನಲವತ್ತು ಜನ ಬರುತ್ತಿದ್ದರು. ಬರಿಹೊಟ್ಟೆಯಲ್ಲಿ ಒಂದೊಂದು ಲೋಟ ಕುಡಿದು, ಮಾತಿಲ್ಲದೆ ಬೆನ್ನು ತೋರಿಸಿ ಹೋಗುತ್ತಿದ್ದರು. ನನ್ನ ಆಯುಷ್ಯದಲ್ಲಿ ನಾನು ನೋಡಿದಷ್ಟು ಬೆನ್ನುಗಳನ್ನು ಯಾವ ದರ್ಜಿಯೂ ನೋಡಿರಲಾರ.

ಕಟ್ಟಳೆಗಳು ಇನ್ನೂ ಇದ್ದವು. ಕಾಸು ಮುಟ್ಟಬಾರದು. ಬಂದವರ ಹೆಸರು, ಊರು ಕೇಳಬಾರದು. ಅವರು ನಮ್ಮ ಮನೆಯಲ್ಲಿ ಔಷಧಿ ಬಿಟ್ಟು ಒಂದು ಗುಟುಕು ನೀರೂ ಕುಡಿಯಬಾರದು. ಸೊಪ್ಪಿನ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಅದರ ಗುಣ ಹೋಗುತ್ತದೆ. ಮಿಕ್ಕಿದ್ದನ್ನು ನೆಲಕ್ಕೆ ಚೆಲ್ಲಬಾರದು, ಕೊಟ್ಟವನೇ ಕುಡಿದು ಮುಗಿಸಬೇಕು. ಎಲ್ಲಕ್ಕಿಂತ ದೊಡ್ಡದು, ಕೊಡುವವನು ಎಲ್ಲರೆದುರು ಮೊದಲು ತಾನು ಕುಡಿಯಬೇಕು. “ನಿನ್ನ ಬಾಯಿಗೆ ಹಾಕ್ದೇ ಇರೋದನ್ನ ಇನ್ನೊಬ್ಬರ ಬಾಯಿಗೆ ಹಾಕ್ಬೇಡ ಮುನೀಂದ್ರ” ಎಂದು ಅಮ್ಮ ಪಟಾಲಮ್ಮ ಸಾಯುವ ಹಿಂದಿನ ವಾರವೂ ಹೇಳಿದ್ದಳು. ಅವಳು ಹೋಗಿ ಆಗ ನಾಲ್ಕು ವರ್ಷವಾಗಿತ್ತು. ನಾನು ಹೇಳುತ್ತಿರುವುದು ಎರಡು ಸಾವಿರದ ಹದಿನೈದರ ಮಾತು.

ನನಗೆ ಮದುವೆ ಆಗಲಿಲ್ಲ. ಹೆಣ್ಣು ನೋಡಲು ಹೋದ ಕಡೆಯೆಲ್ಲ ‘ಕಾಮಾಲೆ ಮನೆಯೋರಾ’ ಎಂದು ಕೇಳಿ ಉಪ್ಪಿಟ್ಟು ತಿನ್ನಿಸಿ ಕಳಿಸಿದರು. ವಾರವಾರ ರೋಗಿಗಳು ಸಾಲಾಗಿ ಕೂರುವ ಜಗಲಿಗೆ ಮಗಳನ್ನು ಯಾರು ಕೊಡುತ್ತಾರೆ? ಅವರನ್ನು ಬೈದು ಫಲವಿಲ್ಲ, ಆದರೂ ಬೈಯುತ್ತೇನೆ. ಯಲಹಂಕದಲ್ಲಿರುವ ತಂಗಿ ರಾಧಾಮಣಿ ಯುಗಾದಿಗೆ ಫೋನ್ ಮಾಡುತ್ತಾಳೆ. ಹಿತ್ತಲು ಅವಳ ಪಾಲಿಗೆ ಹೋಯಿತು, ಈಗ ಅಲ್ಲಿ ಬಾಡಿಗೆ ಮನೆಗಳಿವೆ.

ಹೊಟ್ಟೆಪಾಡಿಗೆ ನಾನು ಕರೆಂಟ್ ಮೀಟರ್ ಓದುತ್ತೇನೆ. ಕುತ್ತಿಗೆಗೆ ಬಿಲ್ಲಿನ ಮಿಷನ್ ನೇತುಹಾಕಿಕೊಂಡು ತಿಂಗಳ ಮೊದಲ ಎರಡು ವಾರ ಮನೆಮನೆ ಸುತ್ತುತ್ತೇನೆ. “ಮೀಟರ್” ಎನ್ನುತ್ತೇನೆ. ಗೇಟು ತೆರೆಯುತ್ತದೆ. ಓದಿ, ಚೀಟಿ ಹರಿದು ಕೊಟ್ಟು ಹೊರಡುತ್ತೇನೆ. ಸಾವಿರಾರು ಬಾಗಿಲುಗಳಿಗೆ ನನ್ನ ಪರಿಚಯವಿದೆ, ಬಾಗಿಲ ಹಿಂದಿನವರಿಗೆ ಇಲ್ಲ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ನಾನು ಆಡಿದ್ದು ಆ ಒಂದೇ ಮಾತು. ಹಾಗಾಗಿ ಭಾನುವಾರ ಬಂದರೆ ನನಗೆ ಹಬ್ಬ. ನಸುಕಿಗೇ ಎದ್ದು ಅಂಗಳ ಗುಡಿಸುವಾಗ ಗೇಟಿನ ಹೊರಗೆ ಚಪ್ಪಲಿಯ ಸದ್ದು, ಕೆಮ್ಮು, ಗಂಡ ಹೆಂಡಿರ ಪಿಸುಮಾತು ಕೇಳುತ್ತಿತ್ತು. ನನ್ನ ಮನೆಗೂ ಜನ ಬಂದಿದ್ದಾರೆ ಅನಿಸುತ್ತಿತ್ತು. ಅವರು ನನ್ನನ್ನು ನೋಡಲು ಬಂದವರಲ್ಲ ಎಂಬುದು ಗೊತ್ತಿಲ್ಲದ ವಿಷಯವೇನಲ್ಲ.

ಆ ವರ್ಷ ಮಾರ್ಚಿನಲ್ಲಿ ನಮ್ಮ ಗುತ್ತಿಗೆದಾರ ಎಲ್ಲ ಮೀಟರ್ ಓದುವವರಿಂದಲೂ ಫಿಟ್‌ನೆಸ್ ಸರ್ಟಿಫಿಕೇಟ್ ಕೇಳಿದ. ಕೊಡಿಗೇಹಳ್ಳಿ ಗೇಟ್ ಸರ್ಕಲ್ಲಿನ ಹತ್ತಿರದ ಲ್ಯಾಬಿಗೆ ಹೋದೆ. ಅಲ್ಲಿ ರಕ್ತ ತೆಗೆಯುವ ಅಮೀನಾ ಎಂಬ ಹುಡುಗಿ ಮಾರನೆಯ ದಿನ ರಿಪೋರ್ಟ್ ಕೊಡುವಾಗ ಒಂದು ಸಾಲಿನ ಮೇಲೆ ಬೆರಳಿಟ್ಟಳು.

“ಅಣ್ಣಾ, ಎಸ್‌ಜಿಪಿಟಿ ಜಾಸ್ತಿ ಇದೆ. ಡಾಕ್ಟರ್‌ಗೆ ತೋರಿಸ್ಬಿಡಿ.”

ಅಂಕಿ ಓದುವುದು ನನ್ನ ಕಸುಬು. ಐವತ್ತರೊಳಗೆ ಇರಬೇಕಾದದ್ದು ಇನ್ನೂರ ಹನ್ನೆರಡು ಇತ್ತು. ಆದರೆ ಯಾವುದರ ಯೂನಿಟ್ ಎಂದು ಗೊತ್ತಾಗಲಿಲ್ಲ.

ಡಾಕ್ಟರ್ ರಘುನಾಥ್ ಅವರ ಕ್ಲಿನಿಕ್ ಅದೇ ಕಟ್ಟಡದ ಮೇಲಿತ್ತು. ರಿಪೋರ್ಟ್ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, “ಕುಡೀತೀರಾ?”

“ಇಲ್ಲ.”

“ವಾರಕ್ಕೊಂದ್ಸಲ? ಫ್ರೆಂಡ್ಸ್ ಜೊತೆ?”

“ಫ್ರೆಂಡ್ಸ್ ಇಲ್ಲ ಸಾರ್” ಎಂದೆ. ಸಿಟ್ಟಿನಲ್ಲಿ ಅಂದ ಮಾತು, ಆದರೆ ನಿಜವಾಗಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಡಾಕ್ಟರ ಕಣ್ಣಿಗೆ ಒಂಟಿ ಗಂಡಸರೆಲ್ಲ ಕುಡುಕರು ಎಂದುಕೊಂಡೆ.

ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. ಲಿವರಿನ ಜೀವಕೋಶಗಳ ಒಳಗೆ ಇರಬೇಕಾದ ಪದಾರ್ಥ ಇದು, ಕೋಶಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುತ್ತದೆ ಎಂದು ವಿವರಿಸಿದರು. ಕುಡಿತದಿಂದ ಆಗಬಹುದು, ಬೊಜ್ಜು ತುಂಬಿ ಆಗಬಹುದು, ಸಕ್ಕರೆ ಕಾಯಿಲೆ ಇದ್ದವರಿಗೆ ಆಗಬಹುದು, ಹೆಪಟೈಟಿಸ್ ವೈರಸ್ಸಿನಿಂದ, ನೋವಿನ ಮಾತ್ರೆ ನುಂಗಿ ನುಂಗಿ ಕೂಡ ಆಗಬಹುದು. ನನಗೆ ಅರ್ಥವಾಯಿತು. ಮೀಟರ್ ಜೋರಾಗಿ ತಿರುಗುತ್ತಿದ್ದರೆ ಅದು ಮೀಟರಿನ ತಪ್ಪಲ್ಲ, ಒಳಗೆ ಎಲ್ಲೋ ಏನೋ ಉರಿಯುತ್ತಿದೆ.

“ಸುಮ್ನೆ ಬಿಟ್ರೆ?”

“ಕೆಲವರಿಗೆ ಏನೂ ಆಗಲ್ಲ. ಕೆಲವರಿಗೆ ಲಿವರ್ ಗಟ್ಟಿಯಾಗ್ತಾ ಹೋಗುತ್ತೆ, ಗೊತ್ತಾಗೋ ಹೊತ್ತಿಗೆ ತಡ ಆಗಿರುತ್ತೆ. ಅದಕ್ಕೇ ಕಾರಣ ಹುಡುಕ್ಬೇಕು. ನಾಟಿ ಔಷಧಿ, ಸೊಪ್ಪು, ಕಷಾಯ ಏನಾದ್ರೂ ತಗೋತೀರಾ?”

“ಇಲ್ಲ” ಎಂದೆ.

ಸುಳ್ಳು. ಹೇಳಿದರೆ ಸೊಪ್ಪಿನ ಹೆಸರು ಕೇಳುತ್ತಾರೆ, ಹೆಸರು ಹೇಳಿದರೆ ಔಷಧಿಯ ಗುಣ ಹೋಗುತ್ತದೆ. ಅದೂ ಅಲ್ಲದೆ ಮೂರು ತಲೆಮಾರಿನಿಂದ ಲಿವರಿಗೇ ಕೊಡುತ್ತಿರುವ ಔಷಧಿ ಲಿವರಿಗೆ ಪೆಟ್ಟು ಕೊಡುವುದುಂಟೇ ಎಂದು ಒಳಗೇ ನಕ್ಕೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮನೆಗೆ ಬಂದವನು ಮರುದಿನದಿಂದ ದಿನಾ ಬೆಳಿಗ್ಗೆ ನನಗೆ ನಾನೇ ಔಷಧಿ ಕೊಟ್ಟುಕೊಳ್ಳಲು ಶುರುಮಾಡಿದೆ. ಊರಿಗೆಲ್ಲ ವಾರಕ್ಕೊಂದು ಲೋಟ, ನನಗೆ ದಿನಕ್ಕೊಂದು ಲೋಟ. ಕಹಿಗೆ ಕಣ್ಣು ಮುಚ್ಚಿ, ಗಟಗಟ ಕುಡಿದು, ಅಮ್ಮನ ಫೋಟೋಗೆ ಕೈ ಮುಗಿಯುತ್ತಿದ್ದೆ. ಒಂದು ತಿಂಗಳು ಹೀಗೆ ನಡೆಯಿತು. ಅನ್ನ ಸೇರುತ್ತಿರಲಿಲ್ಲ. ಮೂರನೇ ಮಹಡಿಯ ಮೀಟರಿಗೆ ಹತ್ತಲು ಎರಡು ಕಡೆ ಕೂರಬೇಕಾಗುತ್ತಿತ್ತು. ಮೈಯೆಲ್ಲ ತುರಿಕೆ. ಒಂದು ಮನೆಯಾಕೆ ನಾನು ಮೆಟ್ಟಿಲ ಮೇಲೆ ಕೂತದ್ದನ್ನು ನೋಡಿ, “ಇಲ್ಲೆಲ್ಲ ಕೂರ್ಬೇಡಿ ಕಣ್ರೀ, ಓನರ್ ಬೈತಾರೆ” ಎಂದಳು.

ಎರಡನೇ ಸಲ ರಕ್ತ ಕೊಟ್ಟಾಗ ಆರುನೂರ ನಲವತ್ತು ಬಂತು.

ಅಮೀನಾ ರಿಪೋರ್ಟ್ ಕೊಡದೆ ನನ್ನ ಮುಖವನ್ನೇ ನೋಡಿದಳು. “ಅಣ್ಣಾ, ಕನ್ನಡಿ ನೋಡ್ಕೊಂಡ್ರಾ?” ಎಂದು ಗೋಡೆಯ ಕನ್ನಡಿ ತೋರಿಸಿದಳು. ನನ್ನ ಕಣ್ಣು ಅರಿಶಿನವಾಗಿತ್ತು. ಭಾನುವಾರ ಭಾನುವಾರ ರೆಪ್ಪೆ ಎಳೆದು ನೋಡುತ್ತಿದ್ದ ಬಣ್ಣ ಅದು, ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮನೆಯಲ್ಲಿ ಇನ್ನೊಂದು ಜೀವ ಇದ್ದಿದ್ದರೆ ವಾರದ ಹಿಂದೆಯೇ ಹೇಳುತ್ತಿತ್ತು. ಅಲ್ಲಿ ನಿಂತೇ ಅಳು ಬಂತು, ನುಂಗಿಕೊಂಡೆ.

ಮೇಲೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಮೊದಲೇ ಮಾಡಿಸಿದ್ದ ವೈರಸ್ಸಿನ ಪರೀಕ್ಷೆಗಳಲ್ಲಿ ಏನೂ ಸಿಕ್ಕಿರಲಿಲ್ಲ, ಸ್ಕ್ಯಾನಿನಲ್ಲಿ ಬೊಜ್ಜೂ ಕಂಡಿರಲಿಲ್ಲ. ಉಳಿದದ್ದು ಇದೊಂದೇ. ಮೂರು ಸೊಪ್ಪುಗಳ ಹೆಸರನ್ನೂ ಹೇಳಿದೆ. ಮೊದಲನೆಯದು ನೆಲನೆಲ್ಲಿ. ಆ ಹೆಸರು ನನ್ನ ಬಾಯಿಂದ ಹೊರಬಿದ್ದಾಗ ಡಾಕ್ಟರ್ ಅದನ್ನು ತರಕಾರಿ ಚೀಟಿ ಬರೆದ ಹಾಗೆ ಬರೆದುಕೊಂಡರು. ಆಕಾಶವೇನೂ ಬೀಳಲಿಲ್ಲ.

“ಸೊಪ್ಪು ಎಲ್ಲಿಂದ ತರ್ತೀರಾ?”

ಮೊದಲು ನಮ್ಮ ಹಿತ್ತಲಲ್ಲಿ ಬೆಳೆಯುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆಗೆ ಅಮ್ಮ ನಗುತ್ತಿದ್ದಳು. ಹಿತ್ತಲು ಹೋದ ಮೇಲೆ ಯಶವಂತಪುರ ಮಾರ್ಕೆಟ್ಟಿನ ಗೇಟಿನಲ್ಲಿ ಕೂರುವ ಪಿಳ್ಳಣ್ಣನಿಂದ ಒಣಗಿದ ಕಟ್ಟು ತರುತ್ತಿದ್ದೆ. ಒಣಗಿದ ಮೇಲೆ ಎಲ್ಲ ಎಲೆಯೂ ಒಂದೇ. ಕುಟ್ಟಿ ಪುಡಿ ಮಾಡಿದ ಮೇಲಂತೂ ಕೇಳಲೇಬೇಡಿ.

“ಅದರಲ್ಲಿ ಏನ್ ಸೇರಿದೆಯೋ, ಯಾವುದು ನಿಮಗೆ ಏಟು ಕೊಟ್ಟಿದೆಯೋ ನಾನು ಹೇಳೋಕಾಗಲ್ಲ” ಎಂದರು ಡಾಕ್ಟರ್. “ಪೂರ್ತಿ ನಿಲ್ಲಿಸಿ. ಆರು ವಾರದಲ್ಲಿ ಅಂಕಿ ಇಳಿದ್ರೆ ಅದೇ ಕಾರಣ ಅನ್ಕೋಬೇಕು.”

“ಮತ್ತೆ ನಮ್ಮಮ್ಮನ ಕೈಯಲ್ಲಿ ಅಷ್ಟು ಜನಕ್ಕೆ ವಾಸಿ ಆಯ್ತಲ್ಲ ಸಾರ್?”

ಅವರು ಪೆನ್ನು ಕೆಳಗಿಟ್ಟರು. “ಹೆಚ್ಚಿನ ಕಾಮಾಲೆ ತಾನಾಗೇ ವಾಸಿ ಆಗುತ್ತೆ ಮುನೀಂದ್ರ” ಎಂದರು ಮೆಲ್ಲಗೆ. ಜೋರಾಗಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಅದು ಶುಕ್ರವಾರ. ಎರಡು ದಿನಕ್ಕೆ ಭಾನುವಾರ. ಬುದ್ಧಿ ಇದ್ದವನು ಗೇಟಿಗೆ ಬೀಗ ಹಾಕುತ್ತಿದ್ದ. ನಾನು ಶನಿವಾರ ಸಂಜೆ ಎಂದಿನಂತೆ ಸೊಪ್ಪು ನೆನೆಹಾಕಿದೆ. ಯಾಕೆಂದು ಕೇಳಿದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಇನ್ನೂ ಸಾಬೀತಾಗಿಲ್ಲವಲ್ಲ, ಆರು ವಾರ ನೋಡೋಣ ಅಂದಿದ್ದಾರಲ್ಲ, ಅಲ್ಲಿಯವರೆಗೆ ನಾನು ಕುಡಿಯದಿದ್ದರೆ ಸಾಕು ಎಂದು ಲೆಕ್ಕ ಹಾಕಿದೆ. ನಿಜ ಹೇಳಬೇಕೆಂದರೆ, ಗೇಟಿನ ಹೊರಗೆ ಚಪ್ಪಲಿಯ ಸದ್ದಿಲ್ಲದ ಭಾನುವಾರವನ್ನು ನೆನೆಸಿಕೊಳ್ಳಲು ನನ್ನಿಂದಾಗಲಿಲ್ಲ.

ಬೆಳಿಗ್ಗೆ ಮೂವತ್ತೈದು ಜನರಿದ್ದರು. ಜಗಲಿಯ ಮೇಲೆ ಬೀದಿಯ ಹಿರಿಯ ಸೊಣ್ಣಪ್ಪನೂ ಕೂತಿದ್ದ. ಮೂವತ್ತು ವರ್ಷದ ಹಿಂದೆ ಅಮ್ಮನ ಔಷಧಿಯಿಂದಲೇ ಬದುಕಿದೆ ಎಂದು ಬಂದವರಿಗೆಲ್ಲ ಸಾಕ್ಷಿ ಹೇಳಲು ಬರುತ್ತಿದ್ದ. ಸಾಲಿನ ಮುಂದೆ ಒಬ್ಬ ಹೆಂಗಸು, ಪಕ್ಕದಲ್ಲಿ ಗಂಡ. ಹಿಂದಿನ ಎರಡು ಭಾನುವಾರವೂ ಬಂದಿದ್ದರು. ಮಾತು ಕೇಳಿದರೆ ಉತ್ತರ ಕರ್ನಾಟಕದ ಕಡೆಯವರು. ಅವಳ ಕಣ್ಣಿನ ಹಳದಿ ಇಳಿಯುವುದಿರಲಿ, ಏರಿತ್ತು. ಅದನ್ನು ನೋಡಿಯೂ ನೋಡದವನಂತೆ ನಾನು ಪಾತ್ರೆ ಹಿಡಿದು ನಿಂತೆ. ನನ್ನ ಕಣ್ಣು ಯಾರಿಗೂ ಕಾಣದಿರಲೆಂದು ತಂಪು ಕನ್ನಡಕ ಹಾಕಿಕೊಂಡಿದ್ದೆ.

ಲೋಟಕ್ಕೆ ಸುರಿದುಕೊಂಡೆ. ಎಲ್ಲರೆದುರು ಎತ್ತಿ ತುಟಿಗೆ ಹಿಡಿದೆ. ಹಲ್ಲು ಕಚ್ಚಿಕೊಂಡು, ಒಂದು ಹನಿಯೂ ಒಳಗೆ ಹೋಗದಂತೆ ನೋಡಿಕೊಂಡು ಕೆಳಗಿಳಿಸಿದೆ. ಬಾಯಿ ಒರೆಸಿಕೊಂಡೆ. ಆಮೇಲೆ ಅವಳ ಲೋಟ ತುಂಬಿ ಕೊಟ್ಟೆ.

ಅವಳು ತೆಗೆದುಕೊಂಡಳು, ಕುಡಿಯಲಿಲ್ಲ.

“ಅಣ್ಣಾರ, ನೀವು ಕುಡೀಲಿಲ್ಲ.”

“ಕುಡಿದ್ನಲ್ಲಮ್ಮ.”

“ಇಲ್ರಿ. ಹೋದ ಎರಡು ವಾರ ನಿಮ್ಮ ಗಂಟಲಾ ಆಡಿದ್ದು ನೋಡೀನಿ. ಇವತ್ತು ಆಡ್ಲಿಲ್ಲ.”

“ಸುಮ್ನ ಕುಡಿ ರತ್ನಾ, ಮಂದಿ ನೋಡಾಕತ್ತಾರ” ಎಂದ ಗಂಡ. ಅವಳು ಕದಲಲಿಲ್ಲ. ಲೋಟವನ್ನು ಜಗಲಿಯ ಅಂಚಿನಲ್ಲಿಟ್ಟು ನನ್ನನ್ನೇ ನೋಡುತ್ತಾ ನಿಂತಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಎರಡು ವಾರ ನನ್ನ ಗಂಟಲನ್ನು ನಂಬಿ ಕುಡಿದವಳು.

ನಾನು ಕನ್ನಡಕ ತೆಗೆದೆ.

“ಇವತ್ತಿಂದ ಔಷಧಿ ಇಲ್ಲ” ಎಂದೆ. “ಇದರಲ್ಲಿ ಏನೋ ತಪ್ಪಾಗಿದೆ. ಇದನ್ನ ಕುಡಿದೇ ನನಗೆ ಹಿಂಗಾಗಿದೆ ಅಂತ ಡಾಕ್ಟರ್ ಹೇಳ್ತಿದ್ದಾರೆ. ಯಾರೂ ಕುಡೀಬೇಡಿ. ಆಸ್ಪತ್ರೆಗೆ ಹೋಗಿ, ರಕ್ತ ಟೆಸ್ಟ್ ಮಾಡ್ಸಿ. ಹೋದ ವಾರ ಕುಡಿದೋರೂ ಮಾಡ್ಸಿ.”

ಆಮೇಲಿನದು ಬೇಡ. ಒಬ್ಬ ಕೊರಳಪಟ್ಟಿ ಹಿಡಿದ. ಒಬ್ಬಾಕೆ, ಪರವಾಗಿಲ್ಲ ನನಗೆ ಕೊಡಿ, ಆಸ್ಪತ್ರೆಗೆ ಹೋಗುವ ಶಕ್ತಿ ಇಲ್ಲ ಎಂದು ಸೆರಗೊಡ್ಡಿದಳು. ಸೊಣ್ಣಪ್ಪ ಎದ್ದು ನಿಂತು ಕೋಲು ಕುಟ್ಟಿದ. “ಪಟಾಲಮ್ಮ ಇದ್ದಿದ್ರೆ ನಿನ್ನ ಬಾಯಿಗೆ ಬರೆ ಹಾಕ್ತಿದ್ಲು ಕಣೋ. ಮೂರು ತಲೆಮಾರಿನ ಹೆಸರು ಮುಳುಗಿಸಿಬಿಟ್ಟೆ.” ಗೇಟಿನಾಚೆ ಹೋದವನು ಇವತ್ತಿನವರೆಗೆ ನನ್ನೊಡನೆ ಮಾತಾಡಿಲ್ಲ.

ರತ್ನಕ್ಕನನ್ನೂ ಗಂಡನನ್ನೂ ನಾನೇ ಆಟೋದಲ್ಲಿ ಕೂರಿಸಿ ಡಾಕ್ಟರ ವಿಳಾಸ ಕೊಟ್ಟೆ. ಅವತ್ತು ಮೊದಲ ಸಲ ಕಟ್ಟಳೆ ಮುರಿದು ಹೆಸರು ಕೇಳಿದೆ. ಗಂಡನ ಹೆಸರು ಮಹಾಲಿಂಗಪ್ಪ, ಇರುವುದು ಬಾಗಲಗುಂಟೆಯಲ್ಲಿ, ಫ್ಯಾಕ್ಟರಿ ಕೆಲಸ. ಅವನು ನನ್ನ ಮುಖ ನೋಡದೆ ಉತ್ತರ ಕೊಟ್ಟ.

ಮನೆಗೆ ಬಂದರೆ ಪಾತ್ರೆ ತುಂಬ ಔಷಧಿ ಹಾಗೇ ಇತ್ತು. ಚೆಲ್ಲಬಾರದು, ಕೊಟ್ಟವನೇ ಕುಡಿಯಬೇಕು. ಬಹಳ ಹೊತ್ತು ಅದರ ಮುಂದೆ ಕೂತಿದ್ದೆ. ಆಮೇಲೆ ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದೆ. ಹಸಿರು ನೀರು ಗುಳುಗುಳು ಎಂದು ಇಳಿದು ಹೋಯಿತು. ಅಮ್ಮ ಸತ್ತ ದಿನ ಮಾಡಬೇಕಾದ ಕೆಲಸಗಳಿದ್ದವು, ಅಳಲು ಬಿಡುವಾಗಿರಲಿಲ್ಲ. ಆ ಅಳುವನ್ನು ಅವತ್ತು ಅತ್ತೆ.

ಸೋಮವಾರ ಯಶವಂತಪುರಕ್ಕೆ ಹೋಗಿ ಪಿಳ್ಳಣ್ಣನ ಮೇಲೆ ಕೂಗಾಡಿದೆ. ಅವನು ಬೀಡಿ ಆರಿಸಿ, “ಕೆರೆಗೆಲ್ಲ ಬೇಲಿ ಆಕವ್ರೆ ಕಣಣ್ಣ, ಎಲ್ಲಿ ಸಿಕ್ತದೋ ಅಲ್ಲಿ ಕಿತ್ಕೊಂಡ್ ಬತ್ತೀನಿ. ಇಂಗೆ ಅಂತ ನಂಗೇನ್ ಗೊತ್ತು? ನೀನು ಔಸ್ದಿ ಕೊಡೋನು, ನೀನ್ ನೋಡ್ಕಂಡ್ ತಗೋಬೇಕಾಗಿತ್ತು” ಎಂದ. ಬೈಯಲು ಹೋದವನು ಬೈಸಿಕೊಂಡು ಬಂದೆ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಗೇಟಿಗೆ ಬೋರ್ಡ್ ಬರೆದು ಹಾಕಿದೆ. ಆದರೂ ಭಾನುವಾರ ಜಗಲಿಯ ಮೇಲೆ ಕೂರುತ್ತಿದ್ದೆ. ಬಂದವರಿಗೆ ಬಾಯಿಬಿಟ್ಟು ಹೇಳಿ ಕಳಿಸುತ್ತಿದ್ದೆ. ಮೊದಲ ವಾರ ಇಪ್ಪತ್ತು ಜನ, ಮುಂದಿನ ವಾರ ಹನ್ನೊಂದು, ಆಮೇಲೆ ಮೂರು. ಐದನೇ ಭಾನುವಾರ ಮಧ್ಯಾಹ್ನದವರೆಗೆ ಕೂತರೂ ಯಾರೂ ಬರಲಿಲ್ಲ. ಪೀಜಿ ಹುಡುಗರು ಬಟ್ಟೆ ಒಣಹಾಕುವುದನ್ನು ನೋಡಿಕೊಂಡು ಕೂತಿದ್ದೆ.

ಒಂದು ಮಾತು ಯಾರಿಗೂ ಹೇಳಿಲ್ಲ. ಆ ಆರು ವಾರ ನಾನು ದಿನಾ ದೇವರಿಗೆ ಕೈ ಮುಗಿದದ್ದು ಅಂಕಿ ಇಳಿಯದಿರಲಿ ಎಂದು. ಇಳಿಯದಿದ್ದರೆ ಔಷಧಿಯ ತಪ್ಪಿಲ್ಲ. ನನಗೆ ಬೇರೇನೋ ರೋಗ, ಬರಲಿ, ಸಾಯೋಣ. ಆದರೆ ಅಮ್ಮ ನಿಜವಾಗುತ್ತಾಳೆ, ಭಾನುವಾರ ಉಳಿಯುತ್ತದೆ. ತುರಿಕೆ ಕಡಿಮೆಯಾದಾಗ, ಅನ್ನ ಸೇರತೊಡಗಿದಾಗ ನನಗೆ ಹೆದರಿಕೆಯಾಗುತ್ತಿತ್ತು.

ಅಮೀನಾ ರಿಪೋರ್ಟ್ ಕೊಡುವಾಗ ಹಲ್ಲು ಬಿಟ್ಟು ನಗುತ್ತಿದ್ದಳು. “ತೊಂಬತ್ತು! ಸೂಪರ್ ಅಣ್ಣಾ. ಇನ್ನೊಂದು ತಿಂಗಳು, ನಾರ್ಮಲ್ ಆಗೋಗ್ತೀರಾ.” ಪಾಪ, ಅವಳಿಗೇನು ಗೊತ್ತು. ಲ್ಯಾಬಿನ ಮೆಟ್ಟಿಲಿಳಿದು, ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು, ಏರ್‌ಪೋರ್ಟ್ ರಸ್ತೆಯ ಗಾಡಿಗಳನ್ನು ನೋಡುತ್ತಾ ನಿಂತೆ. ಮೂರು ತಲೆಮಾರು ಒಂದು ಚೀಟಿಯಲ್ಲಿ ಮುಗಿದಿತ್ತು.

ನನ್ನಿಂದ ಕುಡಿದವರನ್ನು ಹುಡುಕೋಣವೆಂದರೆ ಹೆಸರಿಲ್ಲ, ವಿಳಾಸವಿಲ್ಲ. ಇದ್ದದ್ದು ಮುಖದ ನೆನಪು, ಮತ್ತೆ ಬಾಗಿಲುಗಳು. ಮೀಟರ್ ಓದಲು ಹೋದ ಕಡೆಯೆಲ್ಲ ಮುಖ ನೋಡತೊಡಗಿದೆ. ಗುರುತು ಸಿಕ್ಕಿದರೆ, “ಕೊಡಿಗೇಹಳ್ಳೀಲಿ ಔಷಧಿ ಕುಡಿದಿದ್ರಲ್ವಾ? ನಾನೇ ಕೊಟ್ಟಿದ್ದು. ಒಂದ್ಸಲ ಲಿವರ್ ಟೆಸ್ಟ್ ಮಾಡ್ಸಿ” ಎನ್ನುತ್ತಿದ್ದೆ. ಕೆಲವರು ಬಾಗಿಲು ಹಾಕಿಕೊಂಡರು. ಒಬ್ಬರು ಗುತ್ತಿಗೆದಾರನಿಗೆ ಫೋನ್ ಮಾಡಿದರು. ವಿಶ್ವನಾಥಪುರದ ತಿರುವಿನಲ್ಲಿ ಗಂಗಾದೇವಿ ಎಂಬ ಮುದುಕಿ ಮಾತ್ರ, “ಟೆಸ್ಟ್ ಮಾಡ್ಸಿದ್ವಿ, ಏನೂ ಇಲ್ಲ. ನೀನ್ ಹೆಂಗಿದ್ದೀಯಪ್ಪ?” ಎಂದು ಕೇಳಿದಳು. ಆ ಪ್ರಶ್ನೆ ಕೇಳಿ ಬಹಳ ಕಾಲವಾಗಿತ್ತು.

ರತ್ನಕ್ಕ ಏನಾದಳೆಂಬುದು ಮಾತ್ರ ತಿಳಿಯಲಿಲ್ಲ. ಬಾಗಲಗುಂಟೆ ನಾನು ಮೀಟರ್ ಓದುವ ಲೈನಿನಲ್ಲಿಲ್ಲ, ಅವರ ಮನೆಯ ಗುರುತೂ ಗೊತ್ತಿಲ್ಲ. ಡಾಕ್ಟರನ್ನು ಕೇಳಿದರೆ, ದೊಡ್ಡ ಆಸ್ಪತ್ರೆಗೆ ಕಳಿಸಿದೆ, ಆಮೇಲೆ ಗೊತ್ತಿಲ್ಲ ಎಂದರು. ಅವಳು ಸತ್ತಿದ್ದರೆ ಕೊಂದವನು ನಾನು. ಅಂಥ ಯೋಚನೆಯನ್ನು ಒಬ್ಬನೇ ಕೂತು ಯೋಚಿಸಬಾರದು, ಆದರೆ ನನ್ನ ಮನೆಯಲ್ಲಿ ಬೇರೆ ದಾರಿ ಇರಲಿಲ್ಲ.

ನವೆಂಬರ್ ತಿಂಗಳ ಒಂದು ಭಾನುವಾರ. ಅಭ್ಯಾಸಬಲ, ಜಗಲಿಯಲ್ಲೇ ಕೂತಿದ್ದೆ. ಗೇಟಿನ ಹೊರಗೆ ಚಪ್ಪಲಿಯ ಸದ್ದಾಯಿತು. “ಔಷಧಿ ಕೊಡಲ್ಲ, ಬೋರ್ಡ್ ನೋಡಿ” ಎಂದು ಕೂತಲ್ಲಿಂದಲೇ ಗದರಿದೆ.

“ಔಷಧಿಗೆ ಬಂದಿಲ್ರಿ” ಎಂದಿತು ಧ್ವನಿ.

ರತ್ನಕ್ಕ. ಒಬ್ಬಳೇ. ಸೊರಗಿದ್ದಳು, ಆದರೆ ಕಣ್ಣು ಬೆಳ್ಳಗಿದ್ದವು. ನಾನು ಮೊದಲು ನೋಡಿದ್ದೇ ಕಣ್ಣನ್ನು.

“ಹದಿನೆಂಟು ದಿನ ಆಸ್ಪತ್ರಿಯೊಳಗ ಇದ್ದೆ. ಎರಡು ವಾರ ತಡಾ ಆಗಿದ್ರ ಉಳೀತಿದ್ದಿಲ್ಲ ಅಂದ್ರು. ನಮ್ಮ ಮನೀಯವ್ರಿಗೆ ನಿಮ್ಮ ಮ್ಯಾಲ ಇನ್ನೂ ಸಿಟ್ಟೈತಿ, ಅದಕ್ಕ ಬರ್ಲಿಲ್ಲ.” ಜಗಲಿಯ ಮೇಲೆ, ಅವತ್ತು ಲೋಟ ಇಟ್ಟ ಜಾಗದಲ್ಲೇ ಕೂತಳು. “ನನಗೂ ಸಿಟ್ಟಿತ್ತು. ನೀವು ಕನ್ನಡಕ ತೆಗೆದಿದ್ದು ನೆನಪಾತು. ನಿಮಗ ಹೆಂಗದ ಅಂತ ಕೇಳೂಣು ಅಂತ ಬಂದೆ.”

“ಮೂವತ್ತೆಂಟಕ್ಕೆ ಬಂದಿದೆ” ಎಂದೆ. ಆಮೇಲೆ, “ತಪ್ಪಾಯ್ತಮ್ಮ” ಎಂದೆ.

ಅವಳು ಅದಕ್ಕೆ ಪರವಾಗಿಲ್ಲ ಎನ್ನಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, “ಎರಡು ಬಸ್ಸು ಹಿಡಿದು ಬಂದೀನಿ. ಒಂದೀಟು ಚಾ ಸಿಗತೈತೇನ್ರಿ?” ಎಂದಳು.

ಈ ಮನೆಯಲ್ಲಿ ಭಾನುವಾರ ಬಂದವರಿಗೆ ನೀರು ಕೂಡ ಕೊಟ್ಟವರಿಲ್ಲ. ಚಹಾ ಪುಡಿ ಎಲ್ಲಿಟ್ಟಿದ್ದೇನೆಂದು ಎರಡು ಡಬ್ಬಿ ತೆಗೆದು ನೋಡಬೇಕಾಯಿತು. ಔಷಧಿ ಕೊಡುತ್ತಿದ್ದ ಹಿತ್ತಾಳೆ ಲೋಟ ಮುಟ್ಟಲಿಲ್ಲ, ಸ್ಟೀಲ್ ಲೋಟ ತೊಳೆದೆ. ತಂದುಕೊಟ್ಟಾಗ ಅವಳು ಹಿಡಿದುಕೊಂಡು ಸುಮ್ಮನೆ ಕೂತಳು. ಅರ್ಥವಾಯಿತು. ನನ್ನ ಲೋಟ ಎತ್ತಿ, ಸುಡುತ್ತಿದ್ದರೂ ಒಂದು ಗುಟುಕು ಕುಡಿದೆ. ನನ್ನ ಗಂಟಲನ್ನು ನೋಡಿದ ಮೇಲೆ ಅವಳೂ ಕುಡಿದಳು.

ಹೊರಟಳು. ನಾನು ಅಭ್ಯಾಸದಂತೆ ಆ ಬೆನ್ನು ನೋಡುತ್ತಾ ನಿಂತೆ. ಗೇಟಿನ ಹತ್ತಿರ ಹೋದವಳು ನಿಂತು, ಪೂರ್ತಿ ತಿರುಗಿ, ನನ್ನ ಮುಖ ನೋಡಿ ಹೇಳಿದಳು.

“ಹೋಗಿ ಬರ್ತೀನ್ರಿ ಅಣ್ಣಾರ.”

ಹ್ಞೂಂ, ಹೋಗ್ಬನ್ನಿ ಎನ್ನಬೇಕಿತ್ತು. ಕೈ ಮಾತ್ರ ಎತ್ತಿದೆ. ಬರ್ತೀನಿ ಅಂದವರೆಲ್ಲ ಬರುತ್ತಾರೆಂದೇನಿಲ್ಲ. ಅವಳು ಆಮೇಲೆ ಬರಲೂ ಇಲ್ಲ. ಆದರೂ ಭಾನುವಾರ ಬೆಳಿಗ್ಗೆ ನಾನು ಎರಡು ಸ್ಟೀಲ್ ಲೋಟ ತೊಳೆದಿಡುತ್ತೇನೆ.